ತಾಯ್ನುಡಿಯ ಹೊರೆ ತಾಯಿಯ ತಲೆಗೇ?

ಹೊರನಾಡ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿದಿಲ್ಲ. ಅದಕ್ಕೆ ತಾಯಂದಿರೇ ಹೊಣೆ. ಅವರು ಮನೆಯಲ್ಲಿ ಮಕ್ಕಳೊಡನೆ ಕನ್ನಡ ಆಡುತ್ತಿಲ್ಲ ಎಂಬುದೇ ಆ ಮಾತು. ವೇದಿಕೆಯ ಮೇಲಿನ ಮಹನೀಯರು ಗಂಭೀರವಾಗಿ ತಲೆದೂಗುತ್ತಾರೆ. ಅಳುವ ಮಗುವನ್ನು ಹೊರಗೆ ಕೊಂಡೊಯ್ಯಲು ಅನುಕೂಲವಾಗಲೆಂದು ಬಾಗಿಲ ಬಳಿ ಕುಳಿತ ತಾಯಂದಿರು ಅದನ್ನು ಕೇಳಿಸಿಕೊಳ್ಳುತ್ತಾರೆ. ಮಗು ಆಗಲೇ ಅಳುತ್ತಿದ್ದರೆ ಕೇಳಿಸಿಕೊಳ್ಳುವ ಕಷ್ಟವೂ ಅವರಿಗಿಲ್ಲ. ಬಳಿಕ ಅದೇ ವೇದಿಕೆಯಲ್ಲಿ ಒಬ್ಬ ವೃದ್ಧೆಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, 'ತ್ಯಾಗಮಯಿ ಮಾತೆ' ಎಂದು ಕೊಂಡಾಡಲಾಗುತ್ತದೆ. ಕೊನೆಗೆ ಹಾಸ್ಯ ಕಾರ್ಯಕ್ರಮ. ಅಲ್ಲಿ ಸಾರಿಗೆ ಉಪ್ಪು ಮರೆತ ಹೆಂಡತಿ, ಧಾರಾವಾಹಿಯ ಗುಂಗಿನಲ್ಲಿ ಹಾಲು ಉಕ್ಕಿಸಿದ ತಾಯಿ. ಮೂರು ಗಂಟೆಗಳ ಒಂದೇ ಸಂಜೆಯಲ್ಲಿ ಒಬ್ಬಳೇ ಹೆಂಗಸು ಅಪರಾಧಿಯೂ ದೇವತೆಯೂ ವಿದೂಷಕಿಯೂ ಆಗಿಬಿಡುತ್ತಾಳೆ. ಅವಳಿಗೆ ಏನಾದರೂ ಬೇಕೇ ಎಂದು ಕೇಳುವ ಅಂಶವೊಂದು ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ.

ಮೂವತ್ತು ವರ್ಷಗಳಿಂದ ಮಲಾಡಿನಲ್ಲಿ ವಾಸವಾಗಿದ್ದು, ಕೇಂದ್ರ ಸರ್ಕಾರದ ಕಚೇರಿಗೆ ದಿನವೂ ಚರ್ಚ್‌ಗೇಟಿನವರೆಗೆ ಹೋಗಿಬರುತ್ತ, ಇಬ್ಬರು ಮಕ್ಕಳನ್ನು ಬೆಳೆಸಿದವಳು ನಾನು. ಈ ಆರೋಪಕ್ಕೆ ಉತ್ತರ ಕೊಡುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ. ಉತ್ತರ ತುಸು ಖಾರವಾದರೆ ಸಂಪಾದಕರು ಮನ್ನಿಸಬೇಕು.

ಮೊದಲು ಗಡಿಯಾರವನ್ನು ನೋಡೋಣ. ಮಲಾಡಿನಿಂದ ಚರ್ಚ್‌ಗೇಟಿಗೆ ನಿಧಾನಗಾಡಿಯಲ್ಲಿ ಸುಮಾರು ಒಂದು ಗಂಟೆ. ಮನೆಯಿಂದ ನಿಲ್ದಾಣದವರೆಗಿನ ರಿಕ್ಷಾ, ಮೊದಲ ಗಾಡಿಗೆ ಹತ್ತಲಾಗದೆ ಎರಡನೆಯದಕ್ಕೆ ಕಾಯುವುದು, ಆ ತುದಿಯ ನಡಿಗೆ ಇವನ್ನು ಸೇರಿಸಿದರೆ ಬಾಗಿಲಿನಿಂದ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಮುಂಜಾನೆ ಏಳೂಮುಕ್ಕಾಲಿಗೆ ಹೊರಟವಳು ಸಂಜೆ ಏಳೂಮುಕ್ಕಾಲಿಗೆ ಮರಳಿದರೆ ಅದು ಶುಭದಿನ. ಮಗು ಒಂಬತ್ತಕ್ಕೆ ಮಲಗುತ್ತದೆ. ಉಳಿದ ಎಪ್ಪತ್ತೈದು ನಿಮಿಷಗಳಲ್ಲಿ ಕುಕ್ಕರು ಇಡಬೇಕು, ನಾಳೆಯ ಸಮವಸ್ತ್ರ ಹುಡುಕಬೇಕು, ಇಂಗ್ಲಿಷಿನಲ್ಲಿ ಕೊಟ್ಟ ಮನೆಪಾಠವನ್ನು ಇಂಗ್ಲಿಷಿನಲ್ಲೇ ಮಾಡಿಸಬೇಕು. ಕನ್ನಡಕ್ಕೆ ಉಳಿದದ್ದು 'ಬೇಗ ಉಣ್ಣು', 'ಹಲ್ಲುಜ್ಜು', 'ಮಲಗು' ಎಂಬ ಮೂರು ಆಜ್ಞಾರ್ಥಕ ವಾಕ್ಯಗಳು. ಪಂಪನಿಂದ ಬೇಂದ್ರೆಯವರೆಗಿನ ಪರಂಪರೆಯನ್ನು ಅವುಗಳ ಮೇಲೆ ನಿಲ್ಲಿಸಲು ನನಗೆ ಸಾಧ್ಯವಾಗಲಿಲ್ಲ.

ಹಾಗಾದರೆ ಉಳಿದ ಹನ್ನೆರಡು ಗಂಟೆ ಮಗು ಎಲ್ಲಿತ್ತು? ಪಾಳಣಾಘರದಲ್ಲಿ. ಅದನ್ನು ನಡೆಸುತ್ತಿದ್ದ ಬಾಯಿ ಮರಾಠಿಯವರು, ಅಕ್ಕರೆಯವರು. ಅಲ್ಲಿದ್ದ ಇತರ ಮಕ್ಕಳು ಗುಜರಾತಿ, ಹಿಂದಿ ಮನೆಗಳವು. ನನ್ನ ಮಗನಿಗೆ ಸೊಗಸಾದ ಮರಾಠಿ ಬಂತು. ಅದರಲ್ಲಿ ಯಾರದೂ ಅಪರಾಧವಿಲ್ಲ. ನುಡಿ ಕಲಿಯುವುದು ಯಾರ ಜೊತೆ ಹೊತ್ತು ಕಳೆಯುತ್ತೇವೋ ಅವರಿಂದ. ಆದರೆ 'ಮಾತೃಭಾಷೆ' ಎಂಬ ಶಬ್ದದ ಆಸರೆಯಲ್ಲಿ ಮಗುವಿನ ತಂದೆ ಮಾತ್ರ ನಿಶ್ಚಿಂತನಾಗಿದ್ದಾನೆ. ಅವನಿಗೂ ಅದೇ ನುಡಿ ಬರುತ್ತದೆ, ಅವನಿಗೂ ಬಾಯಿದೆ. ಆದರೂ ಭಾಷಣಕಾರರ ಬೆರಳು ಅವನತ್ತ ತಿರುಗಿದ್ದನ್ನು ನಾನು ಕಂಡಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ದಿನದಲ್ಲಿ ಕೊಂಚವಾದರೂ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಹಾಗೆ ಮಾಡುವವರಲ್ಲೂ ಹೆಂಗಸು 299 ನಿಮಿಷ ದುಡಿದರೆ ಗಂಡಸು 97 ನಿಮಿಷ. ದೇಶದ ಲೆಕ್ಕ ಇದಾದರೆ ಮಲಾಡಿನ ಲೆಕ್ಕ ಬಹಳ ಬೇರೆಯಿರಲಾರದು.

ಇದನ್ನೆಲ್ಲ ನಾವು ಹೇಗೆ ನಿಭಾಯಿಸಿದೆವು ಎಂದರೆ, ನಗುತ್ತ ನಿಭಾಯಿಸಿದೆವು. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೋರಿವಲಿಗಳ ನಡುವೆ ಮೊದಲ 'ಲೇಡೀಸ್ ಸ್ಪೆಷಲ್' ಓಡಿಸಿತು. ಆ ಗಾಡಿಯಲ್ಲಿ, ಇತರ ಗಾಡಿಗಳ ಹೆಂಗಸರ ಡಬ್ಬಿಗಳಲ್ಲಿ ಮುಂಬಯಿಯ ತಾಯಂದಿರು ಕಟ್ಟಿಕೊಂಡ ಸಂಸಾರಕ್ಕೆ ಸಾಟಿಯಿಲ್ಲ. ಅಲ್ಲೇ ಮಟರ್ ಸುಲಿಯುವುದು, ಅಲ್ಲೇ ಸೊಪ್ಪು ಬಿಡಿಸುವುದು, ಅಲ್ಲೇ ಸೀಮಂತ. ಮಗುವಿನ ಜ್ವರಕ್ಕೆ ಎದುರು ಆಸನದ ಗುಜರಾತಿ ಬೆನ್ ಹೇಳಿದ ಕಷಾಯ, ಅತ್ತೆಯ ಮುನಿಸಿಗೆ ಪಕ್ಕದ ಮಲಯಾಳಿ ನರ್ಸ್ ಹೇಳಿದ ಉಪಾಯ. ನನ್ನ ಮಗ ಬಾಲವಾಡಿಯಲ್ಲಿ ಟೀಚರು ಕೇಳಿದಾಗ, 'ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಅಮ್ಮ ಟ್ರೇನಿನಲ್ಲಿ ಕೆಲಸ ಮಾಡುತ್ತಾಳೆ' ಎಂದಿದ್ದ. ಅದನ್ನು ಡಬ್ಬಿಯಲ್ಲಿ ಹೇಳಿದಾಗ ಗೋರೆಗಾಂವಿನಿಂದ ಅಂಧೇರಿಯವರೆಗೆ ನಗು ನಿಲ್ಲಲಿಲ್ಲ. ಅಂಧೇರಿ ದಾಟಿದ ಮೇಲೆ ಒಬ್ಬಿಬ್ಬರು ಸೆರಗಿನಿಂದ ಕಣ್ಣೊರಸಿಕೊಂಡರು. ಅದು ನಗೆಯ ನೀರೋ ಬೇರೆಯೋ ಎಂದು ಯಾರೂ ವಿಚಾರಿಸಲಿಲ್ಲ.

ಈ ನಗೆಯನ್ನು ನಾನು ಗೌರವಿಸುತ್ತೇನೆ. ಟಿ. ಸುನಂದಮ್ಮನವರು 'ಕೊರವಂಜಿ'ಯ ಪುಟಗಳಲ್ಲಿ ಗೃಹಕೃತ್ಯವನ್ನೇ ಹಾಸ್ಯಕ್ಕೆ ವಸ್ತುವಾಗಿಸಿದಾಗ ಅಡುಗೆಮನೆಯ ಒಳಗಿನಿಂದಲೇ ನಕ್ಕರು. ನಮ್ಮ ಸಂಘಗಳ ಹಾಸ್ಯಗಾರರು ಊಟದ ಮೇಜಿನ ಬಳಿ ತಟ್ಟೆಗಾಗಿ ಕಾಯುತ್ತ ಒಳಗೆ ಇಣುಕಿ ನಗುತ್ತಾರೆ. ಎರಡೂ ಹಾಸ್ಯವೇ ಎಂದು ವಾದಿಸುವವರಿಗೆ ತಟ್ಟೆ ತೊಳೆದು ನೋಡಿ ಎನ್ನಬೇಕಾಗುತ್ತದೆ. ತಾಯಂದಿರು ತಾವೇ ನಗುನಗುತ್ತ ಎಲ್ಲವನ್ನೂ ಸಂಭಾಳಿಸುತ್ತಾರಲ್ಲ, ಮತ್ತೇನು ಬೇಕು ಎಂಬ ಸಮಾಧಾನಕ್ಕಂತೂ ನನ್ನ ಕಡು ವಿರೋಧವಿದೆ. ನಗೆಗೆ ಎಟುಕದ ಸ್ಥಿತಿಗಳೂ ಬಾಣಂತಿಗೆ ಬರುತ್ತವೆ. ಅದನ್ನು ಕನ್ನಡ ಓದುಗರಿಗೆ ತ್ರಿವೇಣಿಯವರು 'ಶರಪಂಜರ'ದಲ್ಲಿ ತೋರಿಸಿದರು. ಹೆರಿಗೆಯ ಬಳಿಕ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ; ಅವಳನ್ನು ಮತ್ತೆ ಕೆಡಹುವುದು ಮನೆಯವರ, ಊರಿನವರ ನೋಟ. ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿ ಕಣ್ಣೀರಿಟ್ಟ ಜನವೇ ನೆರೆಮನೆಯ ಬಾಣಂತಿ ಮಂಕಾಗಿ ಕುಳಿತರೆ 'ಈಗಿನವರಿಗೆ ಸಹನೆಯಿಲ್ಲ' ಎನ್ನುತ್ತದೆ. ತ್ರಿವೇಣಿಯವರೇ 1963ರಲ್ಲಿ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು.

ಇನ್ನು ಆಸರೆಯ ಮಾತು. ಸರ್ಕಾರಿ ನೌಕರರ ನಡತೆಯ ನಿಯಮಾವಳಿ ನನಗೆ ಚೆನ್ನಾಗಿ ನೆನಪಿರುವುದರಿಂದ ಇಲ್ಲಿ ಸರ್ಕಾರವನ್ನು ಟೀಕಿಸುತ್ತಿಲ್ಲ, ರಜೆಯ ನಿಯಮಗಳನ್ನು ಓದಿಹೇಳುತ್ತಿದ್ದೇನೆ ಅಷ್ಟೆ. 1996ರಲ್ಲಿ ಮಗ ಹುಟ್ಟಿದಾಗ ನನಗೆ ದೊರೆತ ಹೆರಿಗೆ ರಜೆ 90 ದಿನ. ಐದನೆಯ ವೇತನ ಆಯೋಗದ ತರುವಾಯ 1997ರಲ್ಲಿ ಅದು 135 ದಿನಗಳಿಗೇರಿತು. 1999ರಲ್ಲಿ ಹುಟ್ಟಿದ ಮಗಳಿಗೆ ಅಣ್ಣನಿಗಿಂತ ನಲವತ್ತೈದು ದಿನ ಹೆಚ್ಚು ತಾಯಿ ಸಿಕ್ಕಳು. 2008ರ ಸೆಪ್ಟೆಂಬರಿನಿಂದ 180 ದಿನಗಳಾದವು. ಅದರ ಜೊತೆಗೇ ಮಕ್ಕಳ ಆರೈಕೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆ ಬಂತು. ಆಗ ನನ್ನ ಮಗನಿಗೆ ಹನ್ನೆರಡು ವರ್ಷ, ಆರೈಕೆ ಮಾಡಲು ಹೋದರೆ ಬಾಗಿಲು ಹಾಕಿಕೊಳ್ಳುವ ವಯಸ್ಸು. ಆ ರಜೆ ಮಹಿಳೆಯರದು; 2018ರಲ್ಲಿ ಪುರುಷರಿಗೂ ವಿಸ್ತರಿಸಿದರು, ಆದರೆ ಅವಿವಾಹಿತ, ವಿಧುರ ಅಥವಾ ವಿಚ್ಛೇದಿತ ಪುರುಷರಿಗೆ ಮಾತ್ರ. ಹೆಂಡತಿಯಿರುವ ತಂದೆಗೆ ಹೆರಿಗೆಯ ಸಮಯದಲ್ಲಿ ಹದಿನೈದು ದಿನ. ಅಂದರೆ ಮಗು ತಂದೆಯ ಜವಾಬ್ದಾರಿಯಾಗಬೇಕಾದರೆ ಮೊದಲು ತಾಯಿ ಇಲ್ಲವಾಗಬೇಕು. ರಜೆಯ ಅರ್ಜಿಗಳು ನನ್ನ ಮೇಜಿಗೆ ಬರುತ್ತವೆ. ಮಗಳ ಪರೀಕ್ಷೆಗೆಂದು ರಜೆ ಕೇಳುವ ಕೆಳದರ್ಜೆಯ ಗುಮಾಸ್ತೆಯ ಅರ್ಜಿಯ ಮೇಲೆ, 'ಈ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ' ಎಂಬ ವಾಕ್ಯವನ್ನು ಕೆಲವರು ಎಷ್ಟು ಉತ್ಸಾಹದಿಂದ ಬರೆಯುತ್ತಾರೆಂಬುದನ್ನೂ ಕಂಡಿದ್ದೇನೆ.

ಖಾಸಗಿ ವಲಯದ ತಾಯಂದಿರಿಗೆ 2017ರ ತಿದ್ದುಪಡಿ 26 ವಾರಗಳ ರಜೆಯನ್ನೂ, ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ ವಿಧಿಸಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಉಳಿದಿದೆ. ಒಳ್ಳೆಯ ಕಾನೂನೇ. ಆದರೆ ಅದನ್ನು ಬರೆದವರು ಬೆಳಗಿನ ಎಂಟೂಕಾಲಿಗೆ ಮಲಾಡ್ ನಿಲ್ದಾಣದಲ್ಲಿ ನಿಂತು ನೋಡಿಲ್ಲ. ವಿರಾರಿನಿಂದಲೇ ತುಂಬಿಬಂದ ಗಾಡಿಗೆ ಒಂದು ವರ್ಷದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಯಾವ ತಾಯಿ ಹತ್ತಿಯಾಳು? ಮುಂಬಯಿಯಲ್ಲಿ ಶಿಶುಗೃಹ ಕಚೇರಿಯ ಪಕ್ಕದಲ್ಲಿದ್ದರೆ ಸಾಲದು, ಮನೆಯ ಪಕ್ಕದಲ್ಲಿರಬೇಕು. ಮಲಾಡಿನಲ್ಲೇ ಮೈಂಡ್‌ಸ್ಪೇಸಿನ ಕಂಪೆನಿಗಳಲ್ಲಿ ರಾತ್ರಿ ಪಾಳಿ ಮಾಡುವ ತಾಯಂದಿರಿದ್ದಾರೆ. ಅವರು ಹಗಲು ನಿದ್ರಿಸಬೇಕಾದರೂ ಮಗುವನ್ನು ಯಾರೋ ನೋಡಿಕೊಳ್ಳಲೇಬೇಕು.

ನನ್ನನ್ನು ಕಾಪಾಡಿದವರು ಇಬ್ಬರು. ಒಬ್ಬರು ಕುಂದಾಪುರದಿಂದ ಬಂದ ನನ್ನ ಅತ್ತೆಯವರು. ಎರಡು ಕೋಣೆಗಳ ಮನೆಯಲ್ಲಿ ಬಾಣಂತನ ಮಾಡಿ, ಊರಿನ ಹಟ್ಟಿ, ತೋಟ, ಮಾವನವರ ಸಕ್ಕರೆ ಕಾಯಿಲೆ ಇವನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತ ಆರು ತಿಂಗಳು ಕಿಟಕಿಯ ಬಳಿ ಕುಳಿತಿದ್ದು ಹೋದರು. ಇನ್ನೊಬ್ಬಳು ಪೂರ್ವದ ಕುರಾರಿನಿಂದ ಪಶ್ಚಿಮಕ್ಕೆ ನಡೆದುಬರುತ್ತಿದ್ದ ಮನೆಗೆಲಸದಾಕೆ, ಕಲಬುರಗಿಯ ಕಡೆಯವಳು. ಮಗಳು ಜ್ವರದಿಂದ ಮಲಗಿದಾಗ, ಪಾಳಣಾಘರಕ್ಕೆ ಬೀಗ ಬಿದ್ದಾಗ ಮನೆ ಕಾದವಳು ಅವಳೇ. ನನ್ನ ಮಕ್ಕಳಿಗೆ ಇಂದು ಕನ್ನಡ ಬರುತ್ತದೆಂದರೆ ಆ ಶ್ರೇಯಸ್ಸು ಬಹುಪಾಲು ಅವಳದು. ಮಗಳು ಸಂಘದ ವೇದಿಕೆಯಲ್ಲಿ 'ಹೌದ್ರೀ' ಎಂದಾಗ ಮುಂದಿನ ಸಾಲಿನವರು ನಕ್ಕರು, ಇವಳಿಗೆ ಈ ಕನ್ನಡ ಎಲ್ಲಿಂದ ಬಂತೆಂದು. ಕನ್ನಡವನ್ನು ಉಳಿಸಿಕೊಟ್ಟ ಆ ಹೆಂಗಸು ಯಾವ ಸಂಘದ ಸದಸ್ಯಳೂ ಅಲ್ಲ. ಅವಳು ನಮ್ಮಲ್ಲಿದ್ದಷ್ಟು ಹೊತ್ತು ಅವಳ ಕೈಗೂಸನ್ನು ನೋಡಿಕೊಳ್ಳುತ್ತಿದ್ದವಳು ಅವಳ ಹಿರಿಮಗಳು. ಆ ಹುಡುಗಿ ನಾಲ್ಕನೆಯ ತರಗತಿಯ ಬಳಿಕ ಶಾಲೆಗೆ ಹೋಗಲಿಲ್ಲ. ಒಬ್ಬ ತಾಯಿಗೆ ದೊರೆಯದ ಆಸರೆಯ ಬೆಲೆಯನ್ನು ಹೀಗೆ ಬೇರೊಬ್ಬರ ಮಗಳು ತೆರುತ್ತಾಳೆ.

ಮುಂಬಯಿ ಕನ್ನಡಿಗರಿಗೆ ಇಂಥ ಸಮಸ್ಯೆಯನ್ನು ಬಿಡಿಸುವ ವಿದ್ಯೆ ಗೊತ್ತಿಲ್ಲದೇ ಇಲ್ಲ. ಉಡುಪಿ, ಕುಂದಾಪುರ, ಮಂಗಳೂರುಗಳಿಂದ ಬರಿಗೈಯಲ್ಲಿ ಬಂದು ಹೊಟೇಲುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವನ್ನು ದಶಕಗಳ ಕಾಲ ನಡೆಸಿದವು. ಓದಿನ ಮಹತ್ವದ ಬಗ್ಗೆ ಆ ಹುಡುಗರಿಗೆ ಭಾಷಣ ಬಿಗಿದು ಅವರು ಸುಮ್ಮನಾಗಲಿಲ್ಲ. ಹುಡುಗರಿಗೆ ಬಿಡುವಿರುವುದು ಯಾವಾಗ ಎಂದು ನೋಡಿ ಆ ಹೊತ್ತಿಗೆ ದೀಪ ಹಚ್ಚಿ ಬಾಗಿಲು ತೆರೆದರು. ಇಂದು ಅದೇ ಪರಂಪರೆಯ ವಾರಸುದಾರರಾದ ನಮ್ಮ ಸಭಾಗೃಹ ಭಾನುವಾರ ಸತ್ಯನಾರಾಯಣ ಪೂಜೆಗೋ ಯಕ್ಷಗಾನಕ್ಕೋ ತೆರೆದು, ಸೋಮವಾರದಿಂದ ಶುಕ್ರವಾರದವರೆಗೆ ಬೀಗ ಹಾಕಿಕೊಂಡಿರುತ್ತದೆ. ಫ್ಯಾನುಗಳಿವೆ, ನೀರಿದೆ, ಶೌಚಾಲಯವಿದೆ. 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 'ಮೊಬೈಲ್ ಕ್ರೆಶ್' ಆರಂಭಿಸಿದ್ದು ಕಾಮಗಾರಿಯ ಸ್ಥಳದ ಧೂಳಿನ ನಡುವೆ. ಕರ್ನಾಟಕ ಸರ್ಕಾರ 2023-24ರ ಆಯವ್ಯಯದಲ್ಲಿ, ಉದ್ಯೋಗ ಖಾತರಿಯ ದುಡಿಮೆಗೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು. ಎಂಥ ಸುಂದರವಾದ ಹೆಸರು! ಹಳ್ಳಿಯ ಪಂಚಾಯಿತಿಗೆ ಹೊಳೆದದ್ದು ಮಹಾನಗರದ ಸಂಘಕ್ಕೆ ಹೊಳೆಯಬಾರದೆ?

ಈ ಸಲಹೆಯನ್ನು ಖಾಸಗಿಯಾಗಿ ಮುಂದಿಟ್ಟಾಗ ಬಂದ ಆಕ್ಷೇಪಗಳನ್ನು ದಾಖಲಿಸುತ್ತೇನೆ. ಮಕ್ಕಳು ಗೋಡೆಯ ಮೇಲೆ ಗೀಚುತ್ತಾರೆ, ಅಲ್ಲಿ ಜ್ಞಾನಪೀಠ ಪುರಸ್ಕೃತರ ಭಾವಚಿತ್ರಗಳಿವೆ ಎಂದರೊಬ್ಬರು. ಚಿತ್ರಗಳನ್ನು ಎರಡಡಿ ಮೇಲೆ ತೂಗುಹಾಕಬಹುದು. ಸಾಹಿತ್ಯ ಸಂಘಕ್ಕೆ ಇದು ತಕ್ಕ ಕೆಲಸವಲ್ಲ ಎಂದರು ಇನ್ನೊಬ್ಬರು. ಓದುಗರೇ ಇಲ್ಲವಾದ ಮೇಲೆ ಸಂಘಕ್ಕೆ ಯಾವ ಕೆಲಸ ತಕ್ಕದ್ದೆಂದು ಅವರು ಹೇಳಲಿಲ್ಲ. ಏನಾದರೂ ಅನಾಹುತವಾದರೆ ಯಾರು ಹೊಣೆ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು, ಅದಕ್ಕೆ ನಿಜವಾದ ಉತ್ತರವೇ ಬೇಕು. ತರಬೇತಿ ಪಡೆದ ಇಬ್ಬರು ಸೇವಿಕೆಯರನ್ನು ಸರಿಯಾದ ಸಂಬಳ ಕೊಟ್ಟು ನೇಮಿಸಬೇಕು, ಅವರ ಪೂರ್ವಾಪರವನ್ನು ವಿಚಾರಿಸಿರಬೇಕು, ವಿಮೆ ಇರಬೇಕು, ಹತ್ತಿರದ ಮಕ್ಕಳ ವೈದ್ಯರೊಬ್ಬರ ಒಪ್ಪಿಗೆ ಪಡೆದಿರಬೇಕು. ಹದಿನೈದು ಮಕ್ಕಳಿಂದ ಆರಂಭಿಸಿದರೆ ಸಾಕು. ಶುಲ್ಕ ಮನೆಯ ಆದಾಯಕ್ಕೆ ತಕ್ಕಂತಿರಲಿ. ಐದು ಸ್ಥಾನಗಳು ಕುರಾರಿನ, ಮಾಲವಣಿಯ ಕನ್ನಡದ ತಾಯಂದಿರಿಗೆ ಶುಲ್ಕವಿಲ್ಲದೆ ಮೀಸಲಿರಲಿ. ಮಧ್ಯಾಹ್ನ ಒಂದು ಗಂಟೆ ಕತೆ ಹೇಳಲು ಹಿರಿಯರು ಬರಲಿ. ಹಿರಿಯರೆಂದರೆ ಅಜ್ಜಿಯರಷ್ಟೇ ಎಂದು ತಿಳಿಯಬೇಕಾಗಿಲ್ಲ. ನಿವೃತ್ತರಾಗಿ ಉದ್ಯಾನದ ಬೆಂಚಿನ ಮೇಲೆ ರಾಜಕೀಯವನ್ನೂ ರಕ್ತದೊತ್ತಡವನ್ನೂ ಚರ್ಚಿಸುತ್ತ ಕುಳಿತಿರುವ ಅಜ್ಜಂದಿರಿಗೂ ಕತೆಗಳು ಬರುತ್ತವೆ. ಶನಿವಾರದ ಪಾಳಿ ತಂದೆಯರಿಗೆ.

ಬರುವ ವಾರ್ಷಿಕ ಮಹಾಸಭೆಗೆ ಈ ಪ್ರಸ್ತಾವವನ್ನು ಹನ್ನೊಂದು ಮಂದಿ ಸದಸ್ಯರ ಸಹಿಯೊಡನೆ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಸಹಿ ಮಾಡಿದವರಲ್ಲಿ ನಾಲ್ವರು ಗಂಡಸರು. ಕಾರ್ಯದರ್ಶಿಗಳಲ್ಲಿ ಒಂದೇ ವಿನಂತಿ. ಇದನ್ನು 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು' ಎಂಬುದರ ಕೆಳಗೆ ಸೇರಿಸಬೇಡಿ. ಆ ಹೊತ್ತಿಗೆ ರಾತ್ರಿ ಎಂಟು ಗಂಟೆ ದಾಟಿರುತ್ತದೆ, ಮತ ಹಾಕಬೇಕಾದ ತಾಯಂದಿರು ಮಕ್ಕಳಿಗೆ ಉಣ್ಣಿಸಲು ಮನೆಗೆ ಹೋಗಿರುತ್ತಾರೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಮುಗಿಸಿದ ಕೂಡಲೇ, ಎರಡನೆಯ ವಿಷಯವಾಗಿ ಇದನ್ನು ತೆಗೆದುಕೊಳ್ಳಿ.