ತೊಂಬೆಗೆ ಬಣ್ಣ ಹಚ್ಚುವ ಮೊದಲು

ಬೋಧನಾಭ್ಯಾಸಕ್ಕೆ ಹೋದ ನಮ್ಮಲ್ಲಿ ‘ಕಸದಿಂದ ರಸ’ ಚಟುವಟಿಕೆ ಮಾಡಿಸದವರು ಕಡಿಮೆ. ಅದಕ್ಕೆ ಬೇಕಾದ ಕಸವನ್ನು ಮಾತ್ರ ನಾವು ಅಂಗಡಿಯಿಂದ ಕೊಂಡು ತರುತ್ತೇವೆ! ಹೊಸ ಥರ್ಮಾಕೋಲ್, ಹೊಸ ಅಂಟು, ಹೊಳೆಯುವ ಕಾಗದ, ಜೊತೆಗೆ ಒಂದೆರಡು ಖಾಲಿ ಬಾಟಲಿ. ಮೇಲ್ವಿಚಾರಕರು ನೋಡಿ, ರೆಕಾರ್ಡಿಗೆ ಫೋಟೊ ಅಂಟಿಸಿದ ಮೇಲೆ ಎಲ್ಲವೂ ಶಾಲೆಯ ಹಿಂದಿನ ಗುಂಡಿಗೆ ಹೋಗುತ್ತದೆ. ಈ ಚಟುವಟಿಕೆಯನ್ನು ಗೇಟಿನಾಚೆಗೆ ಒಯ್ದು, ಬೀದಿಯಲ್ಲಿ ಪಾಳುಬಿದ್ದಿರುವ ತೊಂಬೆ, ಕಲ್ಲುಬೆಂಚು, ಬಸ್ ತಂಗುದಾಣಗಳ ಮೇಲೆ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಬ್ರಷ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಈ ವಸ್ತುವಿನ ಕೆಲಸ ನಿಜವಾಗಿಯೂ ಮುಗಿದಿದೆಯೇ?

ನಮ್ಮ ಹಳ್ಳಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಿರು ನೀರಿನ ತೊಂಬೆ. 2019ರಲ್ಲಿ ಜಲಜೀವನ್ ಮಿಷನ್ ಆರಂಭವಾಗಿ ಮನೆಮನೆಗೆ ನಲ್ಲಿ ಹಾಕುವ ಕೆಲಸ ನಡೆದ ಮೇಲೆ, ಎಷ್ಟೋ ಕಡೆ ಬೀದಿಯ ತೊಂಬೆಯನ್ನು ಕೇಳುವವರಿಲ್ಲ. ನಾನು ಇಂಟರ್ನ್‌ಶಿಪ್ ಮಾಡಿದ ಪ್ರೌಢಶಾಲೆಯ ಆಸುಪಾಸಿನಲ್ಲಿ ಇಂಥವು ಮೂರಿದ್ದವು. ವಾರ್ಷಿಕೋತ್ಸವ ಹತ್ತಿರ ಬಂದಾಗ, ಗೇಟಿನ ಪಕ್ಕದ ತೊಂಬೆಗೆ ಬಣ್ಣ ಬಳಿಸಿ ‘ಜೀವಜಲ ಉಳಿಸಿ’ ಎಂದು ಬರೆಸೋಣ ಎಂಬ ಸಲಹೆ ಬಂತು. ತೊಟ್ಟು ನೀರಿಲ್ಲದ ತೊಂಬೆಯ ಮೇಲೆ ಹಾಗೆ ಬರೆದರೆ ಓದಿದವರು ಏನನ್ನು ಉಳಿಸಬೇಕು? ನಾನು ಒಂಬತ್ತನೇ ತರಗತಿಯ ಮಕ್ಕಳನ್ನು ಮೂರು ಗುಂಪು ಮಾಡಿ ಒಂದೊಂದು ತೊಂಬೆಗೆ ಕಳಿಸಿದೆ. ಎಂದಿನಿಂದ ನೀರಿಲ್ಲ, ಏನು ಕೆಟ್ಟಿದೆ, ಮೊದಲು ಯಾರು ಬಳಸುತ್ತಿದ್ದರು ಎಂದು ಕೇಳಿ ಬರೆದು ತರುವುದು ಅವರ ಕೆಲಸ.

ಗುಡಿಯ ಹಿಂದಿನ ತೊಂಬೆಯ ತಳ ಬಿರುಕು ಬಿಟ್ಟಿತ್ತು, ಸುತ್ತಲಿನ ಎಲ್ಲ ಮನೆಗಳಿಗೂ ನಲ್ಲಿ ಬಂದಿತ್ತು. ಎರಡನೆಯದರಲ್ಲಿ ನೀರಿತ್ತು, ದನಕರುಗಳಿಗೆ ಬಳಸುತ್ತಿದ್ದರು. ಗೇಟಿನ ಬಳಿಯದಕ್ಕೆ ಎರಡು ನಲ್ಲಿ ಮುರಿದಿದ್ದವು, ಸೋರುತ್ತದೆಂದು ವಾಲ್ವ್ ತಿರುಗಿಸಿ ಮುಚ್ಚಿದ್ದರು, ಅಷ್ಟೇ. “ಮಿಸ್, ಕಟಾವಿಗೆ ಬರೋರು, ಕುರಿ ಮೇಯಿಸೋರು ಇಲ್ಲೇ ನೀರು ಕುಡೀತಿದ್ರಂತೆ. ಅವ್ರಿಗೆ ಈ ಊರಲ್ಲಿ ಮನೆ ಇಲ್ವಲ್ಲ” ಎಂದಳು ಒಬ್ಬ ಹುಡುಗಿ.

ನಾನು ಯಾವ ಪಾಠಯೋಜನೆಯಲ್ಲೂ ಬರೆದಿರದ ಮಾತು ಅದು. ಮನೆಯ ನಲ್ಲಿ ಮನೆ ಇದ್ದವರಿಗೆ. ಬೀದಿಯ ನಲ್ಲಿ ದಾರಿಯಲ್ಲಿ ಹೋಗುವವರಿಗೆ. ಆ ತೊಂಬೆಗೆ ನವಿಲು, ಕಮಲ ಬರೆದುಬಿಟ್ಟಿದ್ದರೆ ಅದು ಊರಿನ ಕಣ್ಣಿಗೆ ‘ಚಂದದ ವಸ್ತು’ ಆಗುತ್ತಿತ್ತು. ಆಮೇಲೆ ಅದರಲ್ಲಿ ನೀರು ಏಕಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಮಕ್ಕಳು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದರು. ನನ್ನ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಒಂದು ನಲ್ಲಿ ಬಂದಿತ್ತು, ಇನ್ನೊಂದು ಬಾಕಿ.

ಹಾಗಾದರೆ ಕಲೆ ಎಲ್ಲಿ? ಗುಡಿಯ ಹಿಂದಿನ ತೊಂಬೆಯ ಮೇಲೆ. ಅಲ್ಲಿ ಬೇಕಾಗಿದ್ದು ಟೈಲ್ಸ್ ಚೂರು. ಮನೆ ಕಟ್ಟಿದ ಕಡೆಯೆಲ್ಲ ಅದು ಬಿದ್ದಿರುತ್ತದೆ. ಈ ವಿಷಯದಲ್ಲಿ ನಾವು ನೋಡಬೇಕಾದ ಕೆಲಸ ಚಂಡೀಗಢದ ರಾಕ್ ಗಾರ್ಡನ್. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿ, ಟೈಲ್ಸ್, ಹಳೆಯ ವಿದ್ಯುತ್ ಸಾಮಾನುಗಳನ್ನು ಹೊತ್ತು ತಂದು, ಸರ್ಕಾರಿ ಜಾಗದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿದ ತೋಟ ಅದು. 1976ರಲ್ಲಿ ಜನರಿಗೆ ತೆರೆಯಿತು. ದೆಹಲಿಯ ‘ವೇಸ್ಟ್ ಟು ವಂಡರ್’ ಪಾರ್ಕ್ ಕೂಡ ಹೆಸರಾಗಿದೆ. 2019ರಲ್ಲಿ ಆರಂಭವಾದ ಅಲ್ಲಿ ಸುಮಾರು 150 ಟನ್ ಗುಜರಿಯಿಂದ ಜಗತ್ತಿನ ಏಳು ಅದ್ಭುತಗಳ ಮಾದರಿ ಮಾಡಿದ್ದಾರೆ. ಗುಜರಿ ಬಳಕೆಯಾಯಿತು, ಒಳ್ಳೆಯದೇ. ಆದರೆ ಟಿಕೆಟ್ ಕೊಂಡು ನೋಡುವ ಐಫೆಲ್ ಟವರ್‌ಗಿಂತ ದಿನಾ ಹಾದುಹೋಗುವ ದಾರಿಯ ತೊಂಬೆ ನನಗೆ ಹೆಚ್ಚು.

ವಿಜ್ಞಾನ ಶಿಕ್ಷಕರಿಗೆ ಇಲ್ಲಿ ಕೈತುಂಬ ಕೆಲಸವಿದೆ. ಪ್ಲಾಸ್ಟಿಕ್ ಬಾಟಲಿಯ ಹೂವು ಬೇಡ ಏಕೆ? ಬಿಸಿಲಿನ ನೇರಳಾತೀತ ಕಿರಣಕ್ಕೆ ಅದು ಪೆಡಸಾಗಿ, ಪುಡಿಯಾಗಿ ಮಣ್ಣು ಸೇರುತ್ತದೆ. ಸುಟ್ಟ ಮಣ್ಣಿನ ಟೈಲ್ಸ್ ಹಾಗಲ್ಲ. ಸಿಮೆಂಟ್ ‘ಒಣಗುತ್ತದೆ’ ಎಂದೇ ಮಕ್ಕಳು ಹೇಳುತ್ತಾರೆ. ನಮ್ಮಲ್ಲಿ ಒಬ್ಬ ಹುಡುಗನ ತಂದೆ ಗಾರೆ ಮೇಸ್ತ್ರಿ. ಒಣಗುವುದೇ ಬೇಕಿದ್ದರೆ ವಾರಗಟ್ಟಲೆ ನೀರು ಯಾಕೆ ಹಾಕ್ತೀವಿ ಎಂದು ಅವರು ಕೇಳಿದ ಒಂದೇ ಪ್ರಶ್ನೆಗೆ, ಸಿಮೆಂಟ್ ನೀರಿನೊಂದಿಗೆ ವರ್ತಿಸಿ ಗಟ್ಟಿಯಾಗುತ್ತದೆ ಎಂಬುದು ತರಗತಿಗೆ ಹೊಳೆಯಿತು. ಹಸಿ ಸಿಮೆಂಟಿಗೆ ಕೆಂಪು ಲಿಟ್ಮಸ್ ನೀಲಿಯಾದದ್ದನ್ನು ಕಂಡ ಮೇಲೆ ಕೈಗವಸು ಹಾಕಿಕೊಳ್ಳಿ ಎಂದು ಎರಡನೇ ಸಲ ಹೇಳಬೇಕಾಗಲಿಲ್ಲ.

ಎರಡು ಎಚ್ಚರಿಕೆ. ಟೈಲ್ಸ್ ಒಡೆಯುವುದು ದೊಡ್ಡವರ ಕೆಲಸ, ಅದೂ ಗೋಣಿಚೀಲದೊಳಗಿಟ್ಟು. ಇನ್ನು ಹಳೆಯ ಬಣ್ಣವನ್ನು ಮಕ್ಕಳ ಕೈಯಲ್ಲಿ ಉಜ್ಜಿಸಲೇಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳಿನಲ್ಲಿ ಸೀಸ ಇರಬಹುದು. ವಿದ್ಯುತ್ ಕಂಬದ ತಂಟೆಗಂತೂ, ದೀಪ ಕೆಟ್ಟಿದ್ದರೂ, ಹೋಗುವುದೇ ಬೇಡ.

ಪೋರ್ಷನ್ ಮುಗಿಯಬೇಕಲ್ಲ, 40 ನಿಮಿಷದ ಅವಧಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ನಮ್ಮ ಗೆಳೆಯರೇ ಕೇಳಿದ್ದಾರೆ. ದಿನವೂ ಆಗುವುದಿಲ್ಲ, ನಿಜ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇದಕ್ಕೆ ಕೇಳಿದರೆ ಮುಖ್ಯ ಶಿಕ್ಷಕರು ಬಾಗಿಲವರೆಗೂ ಬಿಡಲಿಕ್ಕಿಲ್ಲ! ಆದರೆ ಒಂದು ಇಂಟರ್ನ್‌ಶಿಪ್‌ಗೆ ಒಂದು ತೊಂಬೆ ಸಾಕು. ಸಮೀಕ್ಷೆಗೆ ಎರಡು ಅವಧಿ, ಉಳಿದದ್ದು ಶನಿವಾರಗಳಲ್ಲಿ.

ನಮ್ಮ ಕಾಲೇಜಿನ ಬೋಧನಾಭ್ಯಾಸ ಸಮಿತಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ತಂಡದಿಂದ ಥರ್ಮಾಕೋಲ್ ಮಾದರಿಯ ಬದಲು ಇಂಥ ಒಂದು ಸಮೀಕ್ಷೆಯನ್ನು ರೆಕಾರ್ಡಿಗೆ ಒಪ್ಪಿಕೊಳ್ಳಿ. ಕೊನೆಗೆ ಬಣ್ಣದ ಬದಲು ನಲ್ಲಿ ಬಂದರೂ ಪೂರ್ತಿ ಅಂಕ ಕೊಡಿ. ಪಂಚಾಯಿತಿಯ ಆಸ್ತಿಯನ್ನು ಮುಟ್ಟಲು ಅನುಮತಿ ಬೇಕಾದ್ದರಿಂದ ಕೋರಿಕೆ ಪತ್ರ ಕಾಲೇಜಿನ ಮೊಹರಿನೊಂದಿಗೆ, ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ಹೋಗಲಿ. ನಾನು ಕೈಬರಹದಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬರಲು ಮೂರು ವಾರ ಹಿಡಿಯಿತು, ಗುಡಿಯ ಹಿಂದಿನ ತೊಂಬೆಯ ಎರಡು ಬದಿ ಇನ್ನೂ ಹಾಗೇ ಉಳಿದಿವೆ.