ಹುಡುಗನ ತಂತ್ರಾಂಶಕ್ಕೆ ಹಣ ಯಾರದು?

ವರ್ತಕ ಮಿತ್ರರ ಲೆಕ್ಕಪತ್ರ ಪರಿಶೀಲಿಸುವಾಗ ನಾನು ಪದೇ ಪದೇ ಕಾಣುವ ಸಂಗತಿಯೊಂದುಂಟು. ದಾಸ್ತಾನಿನ ಪ್ರೋಗ್ರಾಮನ್ನು ಮಾಲೀಕರ ಮಗನೋ ನೆರೆಮನೆಯ ವಿದ್ಯಾರ್ಥಿಯೋ ಹವ್ಯಾಸದಿಂದ ಬರೆದುಕೊಟ್ಟಿರುತ್ತಾನೆ. ಬರೆಯಲು ಬಳಸಿದ ತಂತ್ರಾಂಶ ಮಾತ್ರ ಎಷ್ಟೋ ವೇಳೆ ಕಳ್ಳಪ್ರತಿ.

ಕಲಿಕೆಗಂತೂ ಕಳ್ಳಪ್ರತಿ ಬೇಕಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ವಿಷುವಲ್ ಸ್ಟುಡಿಯೋದ ಉಚಿತ ಕಮ್ಯುನಿಟಿ ಆವೃತ್ತಿಯನ್ನು ಹೊರತಂದಿತು. ಜೆಟ್‌ಬ್ರೈನ್ಸ್ 2024ರಲ್ಲಿ ರೈಡರ್ ತಂತ್ರಾಂಶವನ್ನು ವಾಣಿಜ್ಯೇತರ ಬಳಕೆಗೆ ಉಚಿತಗೊಳಿಸಿತು. ಆದರೆ ಅದೇ ರೈಡರ್‌ನಲ್ಲಿ ನಮ್ಮ ವ್ಯಾಪಾರದ ಪ್ರೋಗ್ರಾಮ್ ಬರೆದರೆ ಪರವಾನಗಿಗೆ ಹಣ ತೆರಲೇಬೇಕು.

ಆ ಹಣವನ್ನು ಹುಡುಗನ ಕೈಖರ್ಚಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅವನು ಕೊಂಡರೆ ಶೇ. 18ರ ಜಿಎಸ್‌ಟಿಯೂ ಅವನ ಹೊರೆಯೇ. ಕಾಂಪೊಸಿಷನ್ ಯೋಜನೆಯಲ್ಲಿಲ್ಲದ ನೋಂದಾಯಿತ ಸಂಸ್ಥೆ ತನ್ನ ಹೆಸರಿನಲ್ಲಿ, ತನ್ನ ವ್ಯವಹಾರಕ್ಕಾಗಿ ಕೊಂಡರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ದೊರೆಯುತ್ತದೆ.

ಕಾನೂನಿನ ಭಯವೂ ಉಂಟು. ತಿಳಿದೂ ಕಳ್ಳಪ್ರತಿ ಬಳಸಿದವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ ಕನಿಷ್ಠ 7 ದಿನಗಳ ಸೆರೆವಾಸ, 50,000 ರೂಪಾಯಿ ದಂಡ. ಲಾಭಕ್ಕೂ ವ್ಯಾಪಾರಕ್ಕೂ ಅಲ್ಲದ ಬಳಕೆಯಾದರೆ ನ್ಯಾಯಾಲಯವು ಸೆರೆವಾಸವನ್ನು ಕೈಬಿಡಬಹುದು. ವ್ಯಾಪಾರಕ್ಕೆ ಆ ರಿಯಾಯಿತಿ ಇಲ್ಲ.

ಹುಡುಗನ ಬುದ್ಧಿಯ ಲಾಭ ನಮ್ಮದಾದಾಗ, ಅವನ ಉಪಕರಣದ ಬೆಲೆಯೂ ನಮ್ಮ ಖರ್ಚಿನ ಪುಸ್ತಕಕ್ಕೇ ಸೇರಬೇಕು.