ಬತ್ತಿ ಆರಿದ ಮೇಲೆ ನೀರು ಏಕೆ ಏರಿತು?

ತಟ್ಟೆಯಲ್ಲಿ ಒಂದಿಷ್ಟು ನೀರು, ನಡುವೆ ಹೊತ್ತಿಸಿಟ್ಟ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ. ತಟ್ಟೆಯ ನೀರು ಲೋಟದೊಳಕ್ಕೆ ಏರುತ್ತದೆ. ಏಕೆ ಎಂದು ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ಆಮ್ಲಜನಕ ಉರಿದುಹೋಯಿತು, ಖಾಲಿಯಾದ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಆಮ್ಲಜನಕ ಐದನೇ ಒಂದು ಭಾಗ, ನೀರೂ ಅಷ್ಟೇ ಏರಿದೆ. ನಮ್ಮಲ್ಲಿ ಅನೇಕರು ಕಲಿತದ್ದೂ ಇದನ್ನೇ. ಈ ಉತ್ತರ ಬಹುಮಟ್ಟಿಗೆ ತಪ್ಪು.

ವಾರದ ದಿನಗಳಲ್ಲಿ ಬೇರೆ ಕೆಲಸ ಮಾಡಿಕೊಂಡು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು. ಇಂಥ ತರಗತಿಗಳು ಯಾಕೆ ಬೇಕು, ಶಾಲೆಯಲ್ಲಿ ಇದೇ ವಿಜ್ಞಾನ ಹೇಳುವುದಿಲ್ಲವೇ ಎಂದು ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಈ ಲೋಟದಿಂದಲೇ ಹೇಳುತ್ತೇನೆ.

ಮೊದಲು ಮಕ್ಕಳಿಗೆ ಹೇಳುವುದು ಒಂದೇ ಮಾತು: ನೀರು ಯಾವಾಗ ಏರುತ್ತದೆ ಎಂದು ನೋಡಿ. ಎರಡನೇ ಸಲ, ಮೂರನೇ ಸಲ ಮಾಡಿದಾಗ ಯಾರಾದರೂ ಗಮನಿಸುತ್ತಾರೆ: ‘ಮೇಡಂ, ಬತ್ತಿ ಉರಿಯುವಾಗ ನೀರು ಹೆಚ್ಚು ಏರಲೇ ಇಲ್ಲ, ಆರಿದ ಮೇಲೆ ಸರಕ್ಕನೆ ಏರಿತು.’ ಆಮ್ಲಜನಕ ಖರ್ಚಾದದ್ದೇ ಕಾರಣವಾಗಿದ್ದರೆ ಉರಿಯುತ್ತಿರುವಷ್ಟು ಹೊತ್ತೂ ನೀರು ನಿಧಾನವಾಗಿ ಏರುತ್ತಾ ಹೋಗಬೇಕಿತ್ತಲ್ಲ? ತರಗತಿ ಒಮ್ಮೆ ಸುಮ್ಮನಾಗುತ್ತದೆ. ಈಗ ಒಂದರ ಬದಲು ಮೂರು ಬತ್ತಿ ಹಚ್ಚಿ ಅದೇ ಲೋಟ ಮುಚ್ಚುತ್ತೇವೆ. ಲೋಟದೊಳಗಿನ ಆಮ್ಲಜನಕ ಅಷ್ಟೇ. ಆದರೆ ನೀರು ಮೊದಲಿಗಿಂತ ಎತ್ತರಕ್ಕೆ ಏರುತ್ತದೆ. ಹಳೆಯ ಉತ್ತರ ಇಲ್ಲಿ ಬಿದ್ದುಹೋಗುತ್ತದೆ. ಅದನ್ನು ಬೀಳಿಸಿದ್ದು ಶಿಕ್ಷಕಿಯ ಮಾತಲ್ಲ, ಮಕ್ಕಳ ಕಣ್ಣು.

ನಡೆಯುವುದು ಹೀಗೆ. ಬತ್ತಿಯ ಬಿಸಿಗೆ ಗಾಳಿ ಹಿಗ್ಗುತ್ತದೆ. ಲೋಟವನ್ನು ಕವುಚುವ ಮೊದಲೇ ಒಂದಿಷ್ಟು ಗಾಳಿ ಹೊರಗೆ ಹೋಗಿರುತ್ತದೆ; ಕವುಚಿದ ಮೇಲೂ ಅಂಚಿನಿಂದ ಗುಳ್ಳೆಗಳು ಹೊರಡುವುದುಂಟು. ಬತ್ತಿ ಆರಿದೊಡನೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಉರಿಯಿಂದ ಹುಟ್ಟಿದ ನೀರಾವಿ ಹನಿಗಟ್ಟುತ್ತದೆ. ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕವಂತೂ ಪೂರ್ತಿ ಮುಗಿದಿರುವುದಿಲ್ಲ. ಗಾಳಿಯಲ್ಲಿ ಶೇ. 21ರಷ್ಟಿರುವ ಅದು ಸುಮಾರು ಶೇ. 16ಕ್ಕೆ ಇಳಿಯುವ ಹೊತ್ತಿಗೇ ಬತ್ತಿ ಆರಿಹೋಗುತ್ತದೆ. ಖರ್ಚಾದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್ ಬಂದು ಕೂತಿರುತ್ತದೆ. ಅದು ನೀರಿನಲ್ಲಿ ಕರಗುವುದು ನಿಧಾನ.

ಹಾಗಾದರೆ ಐದನೇ ಒಂದು ಭಾಗ ಎಂಬುದು ಸುಳ್ಳೇ? ಅಲ್ಲ, ಅದನ್ನು ತೋರಿಸುವ ದಾರಿ ಬೇರೆ. ಪಾತ್ರೆ ಉಜ್ಜುವ ಸಾದಾ ಕಬ್ಬಿಣದ ನಾರನ್ನು (ಸ್ಟೇನ್‌ಲೆಸ್ ಸ್ಟೀಲಿನದು ಬೇಡ, ಅದು ತುಕ್ಕು ಹಿಡಿಯದು) ವಿನೆಗರಿನಲ್ಲಿ ನೆನೆಸಿ, ತೊಳೆದು, ಲೋಟದ ತಳಕ್ಕೆ ಸಿಕ್ಕಿಸಿ, ನೀರಿನ ತಟ್ಟೆಯಲ್ಲಿ ಬೋರಲು ಇಟ್ಟು ಮನೆಗೆ ಹೋಗುತ್ತೇವೆ. ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಹೀರುತ್ತದೆ. ಬೆಂಕಿಯಿಲ್ಲ, ಬಿಸಿಯಿಲ್ಲ. ಮುಂದಿನ ಭಾನುವಾರ ಬಂದು ಸ್ಕೇಲಿನಿಂದ ಅಳೆದರೆ ನೀರು ಹೆಚ್ಚುಕಡಿಮೆ ಐದನೇ ಒಂದು ಭಾಗಕ್ಕೆ ಏರಿರುತ್ತದೆ.

ಇಷ್ಟಕ್ಕೆ ಎರಡು ಭಾನುವಾರ ಬೇಕಾಯಿತು. ಶಾಲೆಯ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಐವತ್ತು ಅರವತ್ತು ಮಕ್ಕಳ ನಡುವೆ, ಪೋರ್ಷನ್ ಮುಗಿಸುವ ಒತ್ತಡದಲ್ಲಿ ಯಾವ ಶಿಕ್ಷಕರೂ ಇದಕ್ಕೆ ಜಾಗ ಮಾಡಲಾರರು. ಎಸ್ಸೆಸ್ಸೆಲ್ಸಿಯ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮಕ್ಕಳ ಮನಸ್ಸು ಎತ್ತ ಓಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಶಾಲೆಯ ಶಿಕ್ಷಕರನ್ನು ಹೀಗಳೆಯುವ ಅರೆಕಾಲಿಕ ಶಿಕ್ಷಕರನ್ನು ಕಂಡರೆ ನನಗೆ ನೋವಾಗುತ್ತದೆ. ನಮ್ಮ ಕೈಯಲ್ಲಿರುವುದು ಹೆಚ್ಚಿನ ವಿದ್ಯೆಯಲ್ಲ, ಪರೀಕ್ಷೆಯ ಹಂಗಿಲ್ಲದ ಸಮಯ. ಅದನ್ನೂ ನೋಟ್ಸ್ ಬರೆಸುವುದಕ್ಕೆ, ನೀಟ್ ತಯಾರಿಗೆ ಕೊಟ್ಟುಬಿಟ್ಟರೆ ಅದು ಇನ್ನೊಂದು ಟ್ಯೂಷನ್ ಆಗುತ್ತದೆ. ಊರಿನಲ್ಲಿ ಟ್ಯೂಷನ್‌ಗಳಿಗೆ ಕೊರತೆಯಿಲ್ಲ.

ಈ ದಾರಿ ಹೊಸದೂ ಅಲ್ಲ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆ 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ ವಿಜ್ಞಾನಕ್ಕೆ ಬಂದವನು. ಮುಂದೆ ಅವನೇ 1860–61ರ ಕ್ರಿಸ್‌ಮಸ್ ರಜೆಯಲ್ಲಿ ಮೇಣದಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಹುಡುಗರಿಗೆ ಆರು ಉಪನ್ಯಾಸ ಕೊಟ್ಟ. ನಮ್ಮಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಬಂದು ವಿಜ್ಞಾನ ಕೇಳಬಹುದಾದ ವೇದಿಕೆ ಮಾಡಿದರು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಿಂದ ಆರಂಭವಾದ ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿತರು. ಮೂವತ್ತು ವರ್ಷ ನಡೆದ ಅದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಅದು ಶಾಲೆಯ ಒಳಗೇ ಬೇರು ಬಿಟ್ಟಿದ್ದ ಪ್ರಯತ್ನ. ನಿಂತದ್ದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಅರೆಕಾಲಿಕ ಪಾಠಕ್ಕೆ ತನ್ನದೇ ತೊಡಕುಗಳಿವೆ. ವಾರಕ್ಕೊಮ್ಮೆ ಬರುವವರಿಗೆ ಮಕ್ಕಳ ಹೆಸರು ನೆನಪಿರುವುದೇ ಕಷ್ಟ. ಹೆಸರು ಗೊತ್ತಿಲ್ಲದ ಶಿಕ್ಷಕರ ಮುಂದೆ ಮಗು ತಪ್ಪು ಊಹೆ ಹೇಳುವ ಧೈರ್ಯ ಮಾಡುವುದಿಲ್ಲ. ಎರಡು ಗಂಟೆಯ ತರಗತಿಗೆ ಅದಕ್ಕಿಂತ ಹೆಚ್ಚು ಹೊತ್ತಿನ ತಯಾರಿ ಬೇಕು. ಮಾಡಿ ನೋಡದ ಪ್ರಯೋಗವನ್ನು ಮಕ್ಕಳ ಮುಂದೆ ಇಡುವ ಹಾಗಿಲ್ಲ. ಗೌರವಧನ ಕೊಡುವ ಸಂಸ್ಥೆಗಳು ಬರೀ ತರಗತಿಯ ಗಂಟೆಗಳನ್ನು ಲೆಕ್ಕ ಹಾಕುತ್ತವೆ. ತಯಾರಿಯ ಗಂಟೆಗಳನ್ನೂ ಸೇರಿಸಬೇಕು. ಭಾಷೆಯ ಮಾತೂ ಇದೆ. ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಹೋದೊಡನೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಎದುರಿಸಬೇಕು. ನಾನು ಬೋರ್ಡಿನ ಮೇಲೆ ಆಮ್ಲಜನಕ ಎಂದು ಬರೆದು ಪಕ್ಕದಲ್ಲೇ ಆಕ್ಸಿಜನ್ ಎಂದೂ ಬರೆಯುತ್ತೇನೆ, ಆದರೆ ವಾದವೆಲ್ಲ ನಡೆಯುವುದು ಕನ್ನಡದಲ್ಲಿ. ಯೋಚನೆ ಬಂದ ಭಾಷೆಯಲ್ಲೇ ಜಗಳವಾಡಲು ಬಿಟ್ಟರೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ಡಿಗ್ರಿ ಕಾಲೇಜಿನ ಉಪನ್ಯಾಸಕರು, ಕಾರ್ಖಾನೆಯ ಎಂಜಿನಿಯರರು, ಲ್ಯಾಬ್ ಟೆಕ್ನೀಷಿಯನ್ನರು, ನಿವೃತ್ತ ಶಿಕ್ಷಕರು ಇರಬಹುದು. ನಿಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಒಮ್ಮೆ ಕಂಡು, ಭಾನುವಾರ ಎರಡು ಗಂಟೆ ಒಂದು ಕೋಣೆ ಕೇಳಿ. ಮೊದಲ ದಿನಕ್ಕೆ ಒಂದು ತಟ್ಟೆ, ಒಂದು ಲೋಟ, ಮೂರು ಮೇಣದಬತ್ತಿ ಸಾಕು.